ಆಕೆಯ ಗಡಿಯಾರಕ್ಕೆ ನಮ್ಮ ಲೆಕ್ಕಪರಿಶೋಧನೆ

2025ರ ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಪತ್ನಿ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು, ತಾನೊಂದು ಕೈಗಡಿಯಾರ ಕೊಳ್ಳಲು ನಿರ್ಧರಿಸಿರುವುದಾಗಿ ಹೇಳಿದಳು. ಬ್ಯಾಟರಿಯದ್ದಲ್ಲ, ಆಟೊಮ್ಯಾಟಿಕ್, ಸ್ವಿಟ್ಜರ್ಲೆಂಡಿನದು, ಬೆಲೆ ಎರಡೂಮುಕ್ಕಾಲು ಲಕ್ಷ ರೂಪಾಯಿ. ಹಣ ಆಕೆಯದೇ. ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಮೂರು ದಶಕ ಭೌತಶಾಸ್ತ್ರ ಬೋಧಿಸಿ ಎರಡು ವರ್ಷಗಳ ಹಿಂದೆ ನಿವೃತ್ತಳಾದಾಗ ಬಂದ ಗಳಿಕೆ ರಜೆಯ ನಗದನ್ನು ಆಕೆ ಠೇವಣಿ ಇಟ್ಟಿದ್ದಳು. ಅದರಲ್ಲೊಂದು ಭಾಗವನ್ನು ತೆಗೆಯುವುದು ಆಕೆಯ ವಿಚಾರ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದವನು. ಕಡತ ಕಂಡ ಕೂಡಲೇ ಅಂಚಿನಲ್ಲಿ ಟಿಪ್ಪಣಿ ಬರೆಯುವ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಮೂರು ಪ್ರಶ್ನೆ ಕೇಳಿದೆ. ಇದರ ಅಗತ್ಯವೇನು? ಇದೇ ಕೆಲಸವನ್ನು ಅಗ್ಗದ ವಸ್ತುವೊಂದು ಮಾಡಲಾರದೆ? ಕೊಂಡ ಮೇಲೆ ಇದರ ಮೌಲ್ಯವೆಷ್ಟು? ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಇವು ಸಹಜವಾದ ಪ್ರಶ್ನೆಗಳೆಂದೇ ನನಗನ್ನಿಸಿತು.

ಆಕೆ ಸಿಟ್ಟಾಗಲಿಲ್ಲ. 'ರೀ, ಇದೇ ದುಡ್ಡಿಗೆ ಒಂದು ಬಳೆ ಮಾಡಿಸುತ್ತೇನೆ ಅಂದಿದ್ದರೆ ಈ ಮೂರರಲ್ಲಿ ಒಂದನ್ನಾದರೂ ಕೇಳುತ್ತಿದ್ದಿರಾ?' ಎಂದಷ್ಟೇ ಕೇಳಿದಳು.

ಕೇಳುತ್ತಿರಲಿಲ್ಲ. ಯಾಕೆ ಕೇಳುತ್ತಿರಲಿಲ್ಲ ಎಂಬುದನ್ನು ನಾನು ಕೆಲವು ದಿನ ಯೋಚಿಸಿದೆ. ಹೊರಟ ಉತ್ತರ ನನಗೆ ಸಮಾಧಾನ ಕೊಡುವಂಥದ್ದಲ್ಲ. ಆದರೆ ನಮ್ಮಂಥ ಅನೇಕ ಮನೆಗಳಿಗೆ ಅದು ಅನ್ವಯಿಸುತ್ತದೆಂಬ ನಂಬಿಕೆಯಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬಂಗಾರ ಹೂಡಿಕೆ, ಗಡಿಯಾರ ವೆಚ್ಚ ಎಂಬುದು ಮೇಲ್ನೋಟದ ಉತ್ತರ. ಅದು ಸುಳ್ಳೇನೂ ಅಲ್ಲ. ಆದರೆ ಯಾರ ಹೂಡಿಕೆ? 1996ರಲ್ಲಿ ನಿವೇಶನದ ಕಂತು ಕಟ್ಟಲು ಹಣ ಸಾಲದಾದಾಗ ಬ್ಯಾಂಕಿನ ಮೇಜಿನ ಮೇಲೆ ತೂಗಿದ್ದು ಆಕೆಯ ತವರಿನವರು ಹಾಕಿದ್ದ ನಾಲ್ಕು ಬಳೆಗಳು. ಅವು ಬಿಡಿಸಿಕೊಂಡು ಬಂದವು. ಹನ್ನೆರಡು ವರ್ಷಗಳ ನಂತರ ಮಗಳ ಎಂಜಿನಿಯರಿಂಗ್ ಪ್ರವೇಶದ ವೇಳೆ ಎರಡನ್ನು ಮಾರಿದೆವು, ಅವು ಬರಲಿಲ್ಲ. ಎರಡೂ ಸಲ ನಿರ್ಧಾರ ನನ್ನದು, ಸಹಿ ಆಕೆಯದು. ನಿವೇಶನದ ಪತ್ರ ಮಾತ್ರ ನನ್ನ ಹೆಸರಿನಲ್ಲಿದೆ.

ಸ್ತ್ರೀಧನವು ಹೆಣ್ಣಿನ ಸಂಪೂರ್ಣ ಸ್ವಂತ ಆಸ್ತಿ, ಗಂಡನ ಕೈಯಲ್ಲಿದ್ದರೂ ಅವನು ಅದರ ಪಾಲಕ ಮಾತ್ರ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಆ ತೀರ್ಪನ್ನು ತರಬೇತಿಯಲ್ಲಿ ಓದಿದವನು ನಾನು. ಆದರೂ ಮಧ್ಯಮ ವರ್ಗದ ಮನೆಯಲ್ಲಿ ಬಂಗಾರವೆಂದರೆ ಹೆಣ್ಣಿನ ಮೈಮೇಲೆ ಇರಿಸಿದ ಕುಟುಂಬದ ಠೇವಣಿಯೇ. ಕಷ್ಟ ಬಂದಾಗ ಅದು ಹಿಂದಿರುಗುತ್ತದೆಂಬ ಭರವಸೆ ಇರುವುದರಿಂದ ಅದನ್ನು ಕೊಳ್ಳಲು ಯಾರ ತಕರಾರೂ ಇರುವುದಿಲ್ಲ. ಕೈಗಡಿಯಾರ ಹಾಗಲ್ಲ. ಅದನ್ನು ಒತ್ತೆಯಿಟ್ಟು ಸಾಲ ತರಲಾಗದು. ಅದು ಕೊಂಡವಳ ಬಳಿಯೇ ಉಳಿಯುತ್ತದೆ. ನನ್ನ ಮೂರು ಪ್ರಶ್ನೆಗಳ ಹಿಂದಿದ್ದ ನಿಜವಾದ ಆಕ್ಷೇಪ ಇದೇ ಎಂದು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಹಿಡಿಯಿತು.

ಇನ್ನೊಂದು ನೆನಪೂ ಜೊತೆಗೆ ಬಂತು. 1987ರಲ್ಲಿ ನಮ್ಮ ಮದುವೆಯಾದಾಗ ಮಾವನವರು ನನಗೊಂದು ಎಚ್‌ಎಂಟಿ ಕಾಂಚನ್ ಕೈಗಡಿಯಾರ ಕೊಟ್ಟರು. ಅರಸೀಕೆರೆಯ ಕಡೆಯ ಪ್ರಾಥಮಿಕ ಶಾಲಾ ಶಿಕ್ಷಕರು ಅವರು. ಕಾಂಚನ್ ಆಟೊಮ್ಯಾಟಿಕ್, ಕೀ ಕೊಡಬೇಕಿಲ್ಲ, ಕೈಯ ಅಲುಗಾಟಕ್ಕೇ ಓಡುತ್ತದೆ. ಆ ಕಾಲದ ವರಗಳಿಗೆ ಅದರ ಮೇಲೆ ಎಂಥ ಆಸೆ ಇತ್ತೆಂಬುದು ನನ್ನ ವಯಸ್ಸಿನ ಓದುಗರಿಗೆ ನೆನಪಿರಬಹುದು. ನಮ್ಮ ಮನೆಯಿಂದ ಯಾರೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ವರನಿಗೆ ಸೂಟು, ಉಂಗುರ, ವಾಚು ಎಂಬ ಪಟ್ಟಿ ಊರಿಗೆಲ್ಲ ಬಾಯಿಪಾಠವಾಗಿತ್ತು. ಅದನ್ನು ಒದಗಿಸಲು ಮಾವನವರು ಏನೇನು ಮಾಡಿದರೆಂದು ನಾನು ವಿಚಾರಿಸಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಆರಂಭವಾದದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ ವರ್ಷ. ಒಂದು ಕಡೆ ಸರ್ಕಾರ ವರದಕ್ಷಿಣೆಯನ್ನು ಅಪರಾಧವೆಂದು ಸಾರಿತು. ಇನ್ನೊಂದು ಕಡೆ ಸರ್ಕಾರದ್ದೇ ಕಾರ್ಖಾನೆ, ಉದ್ದೇಶವೇನೂ ಇಲ್ಲದೆ, ಅದರ ಬಹು ಜನಪ್ರಿಯ ವಸ್ತುವನ್ನು ತಯಾರಿಸತೊಡಗಿತು. ಆ ಕಾರ್ಖಾನೆಯ ಜೋಡಣಾ ವಿಭಾಗದ ಉದ್ದನೆಯ ಮೇಜುಗಳ ಮುಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತವರಲ್ಲಿ ಹೆಣ್ಣುಮಕ್ಕಳು ಬಹಳಷ್ಟಿದ್ದರು. ಅವರು ಜೋಡಿಸಿದ ಗಡಿಯಾರ ಇನ್ನೊಬ್ಬ ಹೆಣ್ಣುಮಗಳ ತಂದೆಯ ಉಳಿತಾಯದಿಂದ ಕೊಳ್ಳಲ್ಪಟ್ಟು ಅಳಿಯನ ಮುಂಗೈ ಸೇರುತ್ತಿತ್ತು. ಕಾಯ್ದೆಯ ಅರಿವು ಸಭೆಗಳಲ್ಲಿ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಭಾಷಣ ಸಾಕೇ ಎಂದು ನೋಡಲು ಆಗಾಗ ಕಣ್ಣು ಹಾಯಿಸುತ್ತಿದ್ದುದು ಅದೇ ಕಾಂಚನ್ ಕಡೆಗೆ. ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿದಾಗ ಪತ್ರಿಕೆಗಳಲ್ಲಿ ಬಂದ ಭಾವುಕ ಬರಹಗಳಲ್ಲಿ ಬಹುಪಾಲು ಗಂಡಸರು ಬರೆದವು. ಅದರಲ್ಲಿ ಆಶ್ಚರ್ಯವೇನಿದೆ? ನೆನಪುಗಳೂ ಗಡಿಯಾರ ಕಟ್ಟಿದವರವೇ ತಾನೆ.

ವಿಪರ್ಯಾಸವೆಂದರೆ ಕೈಗೆ ಕಟ್ಟುವ ಗಡಿಯಾರ ಮೂಲತಃ ಹೆಣ್ಣುಮಕ್ಕಳದು. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯೂರಾ 1810ರಲ್ಲಿ ಪ್ಯಾರಿಸ್ಸಿನ ಬ್ರೆಗೆಯವರಿಂದ ಮುಂಗೈ ಗಡಿಯಾರವೊಂದನ್ನು ಮಾಡಿಸಿಕೊಂಡಳೆಂಬುದು ದಾಖಲೆಯಲ್ಲಿದೆ. ಹತ್ತೊಂಬತ್ತನೇ ಶತಮಾನದುದ್ದಕ್ಕೂ ಗಂಡಸಿನ ಗಡಿಯಾರ ಜೇಬಿನಲ್ಲಿರುತ್ತಿತ್ತು. ಮುಂಗೈಗೆ ಕಟ್ಟುವುದು ಹೆಂಗಸರ ಅಲಂಕಾರವೆಂಬ ತಾತ್ಸಾರವಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈ ಹಾಕುವುದು ಅನನುಕೂಲವೆಂದು ಕಂಡ ಮೇಲೆ ಸೈನಿಕರು ಅದನ್ನು ಕೈಗೆ ಕಟ್ಟಿದರು. ಆಗಿನಿಂದ ಅದು ಗಂಭೀರ ಯಂತ್ರವೆನಿಸಿತು. ಹೆಣ್ಣಿನ ಪಾಲಿಗೆ ಉಳಿದದ್ದು ಮತ್ತೆ ಒಡವೆಯೇ.

ತನ್ನಷ್ಟಕ್ಕೆ ಕೀ ತುಂಬಿಕೊಳ್ಳುವ ಕೈಗಡಿಯಾರವನ್ನು ಇಂಗ್ಲೆಂಡಿನ ಜಾನ್ ಹಾರ್ವುಡ್ 1920ರ ದಶಕದಲ್ಲಿ ರೂಪಿಸಿದರು. ಸುತ್ತ ತಿರುಗುವ ತೂಕವನ್ನು ರೋಲೆಕ್ಸ್ 1931ರಲ್ಲಿ ತಂದಿತು. ಅದಕ್ಕೂ ಒಂದು ವರ್ಷ ಮೊದಲೇ, 1930ರಲ್ಲಿ, ಬ್ಲಾಂಪ್ಯಾನ್ ಸಂಸ್ಥೆ 'ರೋಲ್ಸ್' ಎಂಬ ಮಹಿಳೆಯರ ಆಟೊಮ್ಯಾಟಿಕ್ ಗಡಿಯಾರ ತಯಾರಿಸಿತ್ತು. ಚಿಕ್ಕ ಕವಚದಲ್ಲಿ ತಿರುಗುವ ತೂಕಕ್ಕೆ ಎಡೆಯಿಲ್ಲದ್ದರಿಂದ ಇಡೀ ಯಂತ್ರವೇ ಒಳಗೆ ಹಿಂದಕ್ಕೂ ಮುಂದಕ್ಕೂ ಜಾರುವಂತೆ ಮಾಡಿದ್ದರು. 1933ರಲ್ಲಿ ಆ ಸಂಸ್ಥೆಯ ಚುಕ್ಕಾಣಿ ಹಿಡಿದವರು ಬೆಟ್ಟಿ ಫೀಶ್ಟರ್ ಎಂಬ ಮಹಿಳೆ. ಹೆಂಗಸರಿಗೆ ಯಂತ್ರದಲ್ಲಿ ಆಸಕ್ತಿಯಿಲ್ಲ ಎಂದು ಹೇಳುವವರು ಈ ಇತಿಹಾಸವನ್ನು ಗಮನಿಸಬೇಕು.

ಹಾಗಾದರೆ ಅಂಗಡಿಯ ಮಹಿಳಾ ವಿಭಾಗದಲ್ಲಿ ಆಟೊಮ್ಯಾಟಿಕ್ ಇಷ್ಟು ವಿರಳವೇಕೆ? ಇದಕ್ಕೆ ಒಂದು ನ್ಯಾಯವಾದ ಕಾರಣವಿದೆ. ಒಂದು ಅನ್ಯಾಯದ ಕಾರಣವೂ ಇದೆ. ನ್ಯಾಯವಾದದ್ದನ್ನು ನನ್ನ ಪತ್ನಿ ತರಗತಿಯ ಧಾಟಿಯಲ್ಲೇ ವಿವರಿಸಿದಳು. ಗಡಿಯಾರದ ಜೀವವೆಂದರೆ ಅತ್ತಿತ್ತ ತೂಗುವ ಒಂದು ಚಕ್ರ. ಈಗಿನ ಅನೇಕ ಯಂತ್ರಗಳಲ್ಲಿ ಅದು ಗಂಟೆಗೆ 28,800 ಬಾರಿ, ಎಂದರೆ ಸೆಕೆಂಡಿಗೆ ಎಂಟು ಬಾರಿ ಹೊಯ್ದಾಡುತ್ತದೆ. ಚಕ್ರ ದೊಡ್ಡದಾದಷ್ಟೂ ಅದರ ಜಡತ್ವ ಹೆಚ್ಚು. ಕೈ ಜಾಡಿಸಿದರೂ ಅದರ ಲಯ ಸುಲಭವಾಗಿ ಕೆಡದು. ಕವಚ ಚಿಕ್ಕದಾದರೆ ಚಕ್ರ ಚಿಕ್ಕದು, ಶಕ್ತಿ ಹಿಡಿದಿಡುವ ಸುರುಳಿ ಚಿಕ್ಕದು, ಅದನ್ನು ತುಂಬುವ ತೂಕವೂ ಹಗುರ. ನಿಖರತೆಯನ್ನೂ ಓಟದ ಅವಧಿಯನ್ನೂ ಕಾಪಾಡಿಕೊಂಡು ಗಡಿಯಾರವನ್ನು ಕುಗ್ಗಿಸುವುದು ನಿಜಕ್ಕೂ ಕಷ್ಟದ ಎಂಜಿನಿಯರಿಂಗ್.

ಸೈಕೋ ಸಂಸ್ಥೆ 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಕ್ವಾರ್ಟ್ಜ್ ಕೈಗಡಿಯಾರವನ್ನು ಬಿಡುಗಡೆ ಮಾಡಿದ ಮೇಲೆ ಈ ಕಷ್ಟಕ್ಕೆ ಸುಲಭ ಪರಿಹಾರ ಸಿಕ್ಕಿತು. ಈಗ ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ತುಣುಕೊಂದು ಎಂಥ ಚಿಕ್ಕ ಕವಚದಲ್ಲೂ ಕೂರುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ 1970ರ ಹೊತ್ತಿಗೆ ಸುಮಾರು 90,000 ಮಂದಿ ದುಡಿಯುತ್ತಿದ್ದರು. ಎಂಬತ್ತರ ದಶಕದ ನಡುವಿನ ವೇಳೆಗೆ ಅವರಲ್ಲಿ ಸರಿಸುಮಾರು ಮೂರನೇ ಒಂದು ಭಾಗವಷ್ಟೇ ಉಳಿದಿದ್ದರು. ಉದ್ಯಮ ಚೇತರಿಸಿಕೊಂಡದ್ದು ಯಾಂತ್ರಿಕ ಗಡಿಯಾರವನ್ನು ಅಗತ್ಯದ ವಸ್ತುವಾಗಿ ಅಲ್ಲ, ಕುಶಲಕಲೆಯಾಗಿ ಮಾರುವ ಮೂಲಕ. ಅನ್ಯಾಯದ ಕಾರಣ ಇಲ್ಲಿಂದ ಶುರು. ಆ ಕುಶಲಕಲೆಯನ್ನು ಅರಿಯಬಲ್ಲವನು ಗಂಡಸು, ಹೆಂಗಸಿಗೆ ವಜ್ರ ಕೂರಿಸಿದ ಬ್ಯಾಟರಿ ಗಡಿಯಾರ ಸಾಕು ಎಂದು ಉದ್ಯಮ ತೀರ್ಮಾನಿಸಿಕೊಂಡಿತು. ಪಟೆಕ್ ಫಿಲಿಪ್‌ನಂಥ ಸಂಸ್ಥೆ ಮಹಿಳೆಯರಿಗಾಗಿಯೇ 1999ರಲ್ಲಿ ಆರಂಭಿಸಿದ 'ಟ್ವೆಂಟಿ ಫೋರ್' ಮಾಲಿಕೆಗೆ ಅಳವಡಿಸಿದ್ದು ಕ್ವಾರ್ಟ್ಜ್ ಯಂತ್ರವನ್ನು. ಅದೇ ಮಾಲಿಕೆಯಲ್ಲಿ ಆಟೊಮ್ಯಾಟಿಕ್ ಬಂದದ್ದು 2018ರಲ್ಲಿ, ಹತ್ತೊಂಬತ್ತು ವರ್ಷಗಳ ನಂತರ.

ನಗರದ ಅಂಗಡಿಯೊಂದರಲ್ಲಿ ಇದರ ಪ್ರಾತ್ಯಕ್ಷಿಕೆಯೇ ನಮಗೆ ದೊರೆಯಿತು. ಸಂಭಾವಿತನಾದ ಯುವಕ, ಉಪಚಾರಕ್ಕೆ ಕೊರತೆಯಿರಲಿಲ್ಲ. ಆದರೆ ಮಾತೆಲ್ಲ ನನ್ನ ಕಡೆಗೆ. 'ಸಾರ್, ಮೇಡಂಗೆ ಇದು ತುಂಬಾ ಚೆನ್ನಾಗಿ ಒಪ್ಪುತ್ತೆ' ಎಂದು ಹರಳು ಕೂರಿಸಿದ ಒಂದನ್ನು ನನ್ನ ಮುಂದೆ ಇಟ್ಟ. ಮೇಡಂ ಅದನ್ನು ಮಗುಚಿ ಹಿಂಬದಿ ನೋಡಿ, 'ಇದು ಬ್ಯಾಟರಿಯದು. ನಾನು ಕೇಳಿದ್ದು ಆಟೊಮ್ಯಾಟಿಕ್' ಎಂದಳು. 'ಮೇಡಂ, ಆಟೊಮ್ಯಾಟಿಕ್ ಆದರೆ ಟೈಮ್ ಸೆಟ್ ಮಾಡೋ ತಾಪತ್ರಯ ಇರುತ್ತೆ' ಎಂದು ಅವನು ನನ್ನನ್ನೇ ನೋಡುತ್ತ ಹೇಳಿದ. ಕೈಯಿಂದ ತೆಗೆದಿಟ್ಟರೆ ಎಷ್ಟು ಗಂಟೆ ಓಡುತ್ತದೆ, ದಿನಕ್ಕೆ ಎಷ್ಟು ಸೆಕೆಂಡ್ ವ್ಯತ್ಯಾಸ, ಸುರುಳಿ ಯಾವ ಲೋಹದ್ದು ಎಂದು ಆಕೆ ಒಂದರ ಹಿಂದೊಂದು ಕೇಳಿದ ಮೇಲೆ ಒಳಗಿನಿಂದ ಹಿರಿಯರೊಬ್ಬರು ಬಂದರು. ತಟ್ಟೆ ನನ್ನ ಮುಂದಿನಿಂದ ಆಕೆಯ ಮುಂದಕ್ಕೆ ಸರಿಯಿತು. ಆ ಯುವಕನನ್ನು ದೂರಲಾರೆ. ಭಾನುವಾರ ಬೆಳಿಗ್ಗೆ ನಾನು ಆಡಿದ್ದಕ್ಕಿಂತ ಬೇರೆಯಾದದ್ದನ್ನೇನೂ ಅವನು ಆಡಲಿಲ್ಲ.

ಇಂಥ ಖರೀದಿಗೆ ಹೊರಟವರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಆ ಎರಡು ಗಂಟೆಗಳಲ್ಲಿ ಕಲಿತೆ. ಸಮಯವಷ್ಟೇ ಬೇಕೆಂದರೆ ಆಟೊಮ್ಯಾಟಿಕ್ ಕೊಳ್ಳಬೇಡಿ. ಕೆಲವೇ ಸಾವಿರದ ಕ್ವಾರ್ಟ್ಜ್ ತಿಂಗಳಿಗೆ ಹೆಚ್ಚೆಂದರೆ ಹದಿನೈದು ಸೆಕೆಂಡ್ ತಪ್ಪಬಹುದು. ಸ್ವಿಸ್ ಕ್ರೋನೊಮೀಟರ್ ಪ್ರಮಾಣಪತ್ರ ಪಡೆದ ಯಾಂತ್ರಿಕ ಗಡಿಯಾರಕ್ಕೆ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಹೋಗುವ ರಿಯಾಯಿತಿಯಿದೆ. ದುಬಾರಿಯಾದದ್ದು ಹೆಚ್ಚು ನಿಖರವೆಂಬ ಭ್ರಮೆ ಬೇಡ. ನೀವು ಹಣ ಕೊಡುತ್ತಿರುವುದು ನೂರಕ್ಕೂ ಹೆಚ್ಚು ಬಿಡಿಭಾಗಗಳು ಯಾವ ಬ್ಯಾಟರಿಯೂ ಇಲ್ಲದೆ ಕೈಯ ಚಲನೆಯಿಂದಲೇ ಓಡುವ ಕೌಶಲಕ್ಕೆ ಮತ್ತು ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ದುರಸ್ತಿಯಾಗಬಲ್ಲ ಗುಣಕ್ಕೆ.

ಕವಚದ ಅಳತೆಯನ್ನು ಕೋಷ್ಟಕ ನೋಡಿ ನಿರ್ಧರಿಸುವ ಬದಲು ಮುಂಗೈ ಮೇಲಿಟ್ಟು ನೋಡಬೇಕು. ಮಹಿಳೆಯರಿಗೆಂದು ಮಾರುವ ಆಟೊಮ್ಯಾಟಿಕ್‌ಗಳು ಹೆಚ್ಚಾಗಿ 28ರಿಂದ 36 ಮಿಲಿಮೀಟರ್ ಅಗಲ. ತೂಕಕ್ಕೆ ಜಾಗ ಬೇಕಾದ್ದರಿಂದ ಬ್ಯಾಟರಿಯವಕ್ಕಿಂತ ತುಸು ದಪ್ಪ. ಗಂಡಸರ ವಿಭಾಗದ 36 ಮಿಲಿಮೀಟರಿನದು ಒಪ್ಪಿದರೆ ಕೊಳ್ಳಲು ಅಡ್ಡಿಯೇನೂ ಇಲ್ಲ, ಯಂತ್ರಕ್ಕೆ ಲಿಂಗವಿಲ್ಲ. ತೆಗೆದಿಟ್ಟ ಮೇಲೆ ಓಡುವ ಅವಧಿ ಯಂತ್ರದಿಂದ ಯಂತ್ರಕ್ಕೆ ಬೇರೆ. ನಲವತ್ತು ಗಂಟೆಯೊಳಗೆ ನಿಲ್ಲುವವೂ ಇವೆ, ಎಂಬತ್ತು ಗಂಟೆ ಓಡುವವೂ ಇವೆ. ಶುಕ್ರವಾರ ಸಂಜೆ ಬಿಚ್ಚಿಟ್ಟು ಸೋಮವಾರ ಕಟ್ಟುವವರಿಗೆ ಈ ವ್ಯತ್ಯಾಸ ಮುಖ್ಯ. ಅಯಸ್ಕಾಂತ ಯಾಂತ್ರಿಕ ಗಡಿಯಾರದ ಶತ್ರು: ಕೈಚೀಲದ ಅಯಸ್ಕಾಂತದ ಗುಂಡಿ, ಮೊಬೈಲಿನ ಸ್ಪೀಕರ್ ಪಕ್ಕದಲ್ಲಿ ಇಡುವ ಅಭ್ಯಾಸವಿದ್ದರೆ ಸಿಲಿಕಾನ್ ಸುರುಳಿಯದು ಲೇಸು. ಬಳೆ ತೊಡುವ ನಮ್ಮ ಹೆಣ್ಣುಮಕ್ಕಳು ಗಡಿಯಾರವನ್ನು ಇನ್ನೊಂದು ಕೈಗೆ ಕಟ್ಟಬೇಕು. ಗಾಜಿನ ಬದಲು ಬಳಸುವ ನೀಲಮಣಿ ಹರಳಿಗೆ ಚಿನ್ನದಿಂದ ಗೀರು ಬೀಳದು, ವಜ್ರದಿಂದ ಬೀಳುತ್ತದೆ. ಉಕ್ಕಿನ ಕವಚಕ್ಕೆ ಎರಡರಿಂದಲೂ ತೊಂದರೆಯೇ. ಡಯಲ್ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಮಳೆಹನಿ ತಾಳುತ್ತದೆ ಎಂದಷ್ಟೇ ಅರ್ಥ, ಈಜುಕೊಳಕ್ಕೆ ಅದಲ್ಲ. ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ ಎಣ್ಣೆ ಬಿಡಿಸಬೇಕು. ಅದು ಎಲ್ಲಿ ಆಗುತ್ತದೆ, ಎಷ್ಟು ತಗಲುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು.

'ಇದು ಹೂಡಿಕೆ' ಎಂದು ಮಾರಾಟಗಾರ ಹೇಳಿದರೆ ಎಚ್ಚರವಿರಲಿ. ಬೆರಳೆಣಿಕೆಯ ಕೆಲವು ಮಾದರಿಗಳನ್ನು ಬಿಟ್ಟರೆ ಅಂಗಡಿಯ ಹೊಸ್ತಿಲು ದಾಟಿದೊಡನೆ ಬೆಲೆ ಇಳಿಯುತ್ತದೆ. ಮಾಸಿಕ ಕಂತಿನ ಮೇಲೆ ಕೊಳ್ಳಬೇಕಾದ ವಸ್ತು ಇದಲ್ಲ. ಅಧಿಕೃತ ರಸೀದಿಯಿಲ್ಲದ ಅಗ್ಗದ ಮಾಲಿನ ಸಹವಾಸವಂತೂ ಬೇಡವೇ ಬೇಡ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮು ಚಿನ್ನದ ಜೊತೆಗೆ ಹೆಸರಿಸುವುದು ಕೈಗಡಿಯಾರಗಳನ್ನು: ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ವಶಪಡಿಸಿಕೊಂಡಾಗ, ಅದು ಅಂಥದ್ದಲ್ಲವೆಂದು ಸಾಬೀತುಪಡಿಸುವ ಹೊಣೆ ಇಟ್ಟುಕೊಂಡವರ ಮೇಲೆಯೇ ಬೀಳುತ್ತದೆ.

ತೆರಿಗೆಯ ವಿಷಯಕ್ಕೂ ಎರಡು ಮಾತು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ದೇಶಗಳ ಗುಂಪಿನೊಂದಿಗೆ 2024ರ ಮಾರ್ಚ್ 10ರಂದು ಭಾರತ ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರಗಳ ಮೇಲಿನ ಶೇ 20ರ ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ. ಹಾಗೆಂದು ಬೆಲೆ ಅಷ್ಟೇ ಇಳಿಯುತ್ತದೆಂದು ಕಾಯುವುದು ಜಾಣತನವಲ್ಲ. ಸುಂಕ ಬೀಳುವುದು ಆಮದಿನ ಬೆಲೆಯ ಮೇಲೆ, ಅಂಗಡಿಯ ಬೆಲೆಯ ಮೇಲಲ್ಲ. ಸ್ವಿಸ್ ಫ್ರಾಂಕ್ ಏರಿದರೆ ಲಾಭವೆಲ್ಲ ಅಲ್ಲೇ ಕರಗಬಹುದು. ಇನ್ನೊಂದೆಡೆ, ಹತ್ತು ಲಕ್ಷ ರೂಪಾಯಿ ಮೀರಿದ ಕೈಗಡಿಯಾರದ ಮಾರಾಟದಲ್ಲಿ ಶೇ 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುವ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಸರ್ಕಾರ ತಂದಿತು. ವಿಲಾಸದ ವಸ್ತು ಕೊಳ್ಳುವವರ ಜಾಡು ಹಿಡಿಯುವುದು ಅದರ ಆಶಯ. ಇದು ಸರಿಯಾದ ಕ್ರಮ. 2016ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ದುಬಾರಿ ಕೈಗಡಿಯಾರ ವಾರಗಟ್ಟಲೆ ಕೋಲಾಹಲ ಎಬ್ಬಿಸಿ ಕೊನೆಗೆ ಸರ್ಕಾರದ ಸ್ವತ್ತಾದುದನ್ನು ಓದುಗರು ಮರೆತಿರಲಾರರು. ಉಡುಗೊರೆಯಾಗಿ ಬಂದ ಗಡಿಯಾರಕ್ಕೆ ಉತ್ತರ ಹೇಳುವುದು ಕಷ್ಟ. ದುಡಿದು ಕೊಂಡದ್ದಕ್ಕೆ ರಸೀದಿಯೇ ಉತ್ತರ.

ಬಡತನ ಇನ್ನೂ ಉಳಿದಿರುವ ದೇಶದಲ್ಲಿ ಒಂದು ಗಡಿಯಾರಕ್ಕೆ ಎರಡೂಮುಕ್ಕಾಲು ಲಕ್ಷವೇ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ತೋರಿಕೆಯ ಬಳಕೆಯ ಬಗ್ಗೆ 1899ರಲ್ಲೇ ಬರೆದ ಥಾರ್‌ಸ್ಟೈನ್ ವೆಬ್ಲೆನ್ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದ್ದ: ಸಿರಿವಂತ ಗಂಡಸು ತನ್ನ ಸಿರಿಯನ್ನು ಹೆಂಡತಿಯ ಮೈಮೇಲೆ ಪ್ರದರ್ಶಿಸುತ್ತಾನೆ, ಆಕೆ ಬಳಸುವುದೂ ಆತನ ಪ್ರತಿಷ್ಠೆಗಾಗಿ. ಗಂಡ ವಾರ್ಷಿಕೋತ್ಸವಕ್ಕೆ ತಂದುಕೊಡುವ ವಜ್ರದ ಗಡಿಯಾರ ಬಹುಮಟ್ಟಿಗೆ ಈ ಬಗೆಯದು. ತನ್ನ ಸಂಪಾದನೆಯಲ್ಲಿ, ತನಗೆ ಅರ್ಥವಾಗುವ ಯಂತ್ರವೊಂದನ್ನು ತಾನೇ ಆರಿಸಿಕೊಳ್ಳುವುದು ಬೇರೆ. ಹೊರಗಿನವರಿಗೆ ಎರಡೂ ಒಂದೇ ರೀತಿ ಕಾಣಬಹುದು. ಮನೆಯೊಳಗಿನ ಸಂಬಂಧದಲ್ಲಿ ಒಂದೇ ಅಲ್ಲ.

ಕುಟುಂಬದೊಳಗೆ ಸಹಕಾರದ ಜೊತೆಗೇ ಸಂಘರ್ಷವೂ ಇರುತ್ತದೆ, ಯಾರ ದುಡಿಮೆ ದುಡಿಮೆಯಾಗಿ ಕಾಣುತ್ತದೆ ಎಂಬುದರ ಮೇಲೆ ಯಾರಿಗೆಷ್ಟು ಸಿಗುತ್ತದೆಂಬುದು ನಿಂತಿದೆ ಎಂದು ಅಮರ್ತ್ಯ ಸೆನ್ ವಿವರಿಸಿದ್ದಾರೆ. ಅದನ್ನು ಓದಿ ಮೆಚ್ಚಿದವನು ನಾನು. ನನ್ನ ಮನೆಯ ಲೆಕ್ಕಕ್ಕೆ ಅನ್ವಯಿಸಿರಲಿಲ್ಲ. ನಾನು 2012ರಲ್ಲಿ ಅಗತ್ಯಕ್ಕಿಂತ ದೊಡ್ಡ ಕಾರು ಕೊಂಡಾಗ ಆಕೆ ಬಣ್ಣವೊಂದನ್ನು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಸರಳ ಜೀವನ ದೊಡ್ಡ ಮೌಲ್ಯ. ಆದರೆ ಮಗನ ಬೈಕು, ಗಂಡನ ಕಾರು, ಛತ್ರದ ಮದುವೆಗಳಿಗೆ ಅನ್ವಯಿಸದ ಸರಳತೆ ಹೆಂಡತಿಯ ಅಪೇಕ್ಷೆಯ ಹೊತ್ತಿಗೆ ಮಾತ್ರ ನೆನಪಾದರೆ ಅದನ್ನು ಮೌಲ್ಯವೆನ್ನಲಾಗದು. ಪ್ರಶ್ನೆ ಕೇಳುವುದಾದರೆ ಎಲ್ಲರ ಖರ್ಚಿಗೂ ಕೇಳೋಣ. ಇಲ್ಲವೇ ಆಕೆಯ ಖರ್ಚಿಗೂ ಸುಮ್ಮನಿರೋಣ.

ಆಕೆ ಕೊನೆಗೆ ಆರಿಸಿದ್ದು ಹರಳುಗಳಿಲ್ಲದ, ಉಕ್ಕಿನ, ಬಿಳಿ ಡಯಲಿನ ಗಡಿಯಾರ. ಹಿಂಬದಿ ಪಾರದರ್ಶಕ, ಒಳಗೆ ಚಕ್ರ ತೂಗುವುದು ಕಾಣುತ್ತದೆ. ಎರಡು ಲಕ್ಷ ಮೀರಿದ ಖರೀದಿಗೆ ಪ್ಯಾನ್ ಸಂಖ್ಯೆ ಕಡ್ಡಾಯ. ಬಿಲ್ಲಿನ ಮೇಜಿನಲ್ಲಿದ್ದ ಹುಡುಗಿ ನನ್ನತ್ತ ನೋಡಿ, 'ಸಾರ್, ನಿಮ್ಮ ಪ್ಯಾನ್ ನಂಬರ್?' ಎಂದು ಕೇಳಿದಳು. ಅಭ್ಯಾಸಬಲದಿಂದ ನನ್ನ ಕೈ ಜೇಬಿಗೆ ಹೋಗಿಯೇಬಿಟ್ಟಿತ್ತು. ಅಷ್ಟರಲ್ಲಿ ನನ್ನ ಪತ್ನಿ ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟು, 'ಗ್ಯಾರಂಟಿ ಕಾರ್ಡಿಗೂ ಇದೇ ಹೆಸರು ಬರೆಯಮ್ಮ' ಎಂದಳು.

ಈಗ ದಿನವೂ ಬೆಳಿಗ್ಗೆ ಆಕಾಶವಾಣಿಯ ವಾರ್ತೆಯ ವೇಳೆಗೆ ಆಕೆ ಗಡಿಯಾರ ನೋಡಿ, ಎಷ್ಟು ಸೆಕೆಂಡ್ ಮುಂದಿದೆಯೆಂದು ಹಳೆಯ ಪ್ರಯೋಗಾಲಯದ ಪುಸ್ತಕವೊಂದರಲ್ಲಿ ಬರೆಯುತ್ತಾಳೆ. ಕಳೆದ ವಾರ ನಾನು ಬೀರುವಿನಿಂದ ಕಾಂಚನ್ ತೆಗೆದು ಅವೆನ್ಯೂ ರಸ್ತೆಯ ಕಡೆ ರಿಪೇರಿಯವರೊಬ್ಬರಿಗೆ ಕೊಟ್ಟು ಬಂದೆ. ಚೀಟಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಅವರು ಕೇಳಿದರು. ನನ್ನ ಮಾವನವರ ಹೆಸರು ಬರೆಸಿದೆ.